ಚಳಿಯೂರಿಗೂ ಸೊಳ್ಳೆಪರದೆ ಬೇಕು

ಮಾರ್ಗಶಿರದ ಮುಂಜಾನೆ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದು ಚಿನ್ನದ ಗಣಿಯ ಊರಿನತ್ತ ಹೊರಟ ಪ್ರವಾಸಿಯನ್ನು ಮೊದಲು ಸ್ವಾಗತಿಸುವುದು ಚಳಿಗಾಳಿ. ಸಮುದ್ರಮಟ್ಟದಿಂದ ಸುಮಾರು 2,800 ಅಡಿ ಎತ್ತರದಲ್ಲಿರುವ ಈ ಸೀಮೆ ತನ್ನ ತಂಪು ಹವೆಯಿಂದ ‘ಪುಟ್ಟ ಇಂಗ್ಲೆಂಡ್’ ಎಂದೇ ಹೆಸರಾಗಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು. ತಂಪು ಮಾತ್ರ ಉಳಿದಿದೆ. ಅಂತರಗಂಗೆಯ ಬೆಟ್ಟವನ್ನೂ ಬೇತಮಂಗಲದ ಕೆರೆಯನ್ನೂ ನೋಡಲು ಬರುವ ಸಂಸಾರಗಳು ಕಂಬಳಿಯನ್ನು ಮರೆಯುವುದಿಲ್ಲ. ಸೊಳ್ಳೆಪರದೆಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬರುತ್ತವೆ. ಚಳಿಯಿದ್ದಲ್ಲಿ ಸೊಳ್ಳೆಯೆಲ್ಲಿಯದು ಎಂಬ ಧೈರ್ಯ!

ಈ ಧೈರ್ಯದಲ್ಲಿ ಅರ್ಧ ಸತ್ಯವುಂಟು. ಉಷ್ಣತೆ ಸುಮಾರು 16 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿದ್ದರೆ ಮಲೇರಿಯಾದ ಜೀವಾಣು ಸೊಳ್ಳೆಯ ಒಡಲಲ್ಲಿ ಬೆಳೆಯಲಾರದು. ಆದರೆ ಇಲ್ಲಿ ರಾತ್ರಿ ಚಳಿಯಿದ್ದರೂ ಹಗಲು ಬೆಚ್ಚಗಿರುತ್ತದೆ. ಮನೆಯ ಮೂಲೆಯಲ್ಲಿ, ಕೊಟ್ಟಿಗೆಯಲ್ಲಿ ಅಡಗಿದ ಸೊಳ್ಳೆಗೆ ಹೊರಗಿನ ಚಳಿಯ ಬಾಧೆ ಅಷ್ಟಿಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡುಹಿಡಿದ ರೊನಾಲ್ಡ್ ರಾಸ್‌ರವರೇ ಅದಕ್ಕೆ ಮುಂಚೆ ತಂಪಿನ ಉದಕಮಂಡಲಕ್ಕೆ ಹೋಗಿದ್ದಾಗ, ಆ ಬೆಟ್ಟದ ಬದಿಯ ಸೀಗೂರು ಘಾಟಿಯಲ್ಲಿ ಮಲೇರಿಯಾ ಜ್ವರಕ್ಕೆ ತುತ್ತಾದರು.

ಸೊಳ್ಳೆ ಹುಡುಕುವುದು ನೀರನ್ನು. ಇದನ್ನು ಚೆನ್ನಾಗಿ ಬಲ್ಲವರು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತಿನ ಹಳ್ಳಿಗರು. ಅವರದು ರೇಷ್ಮೆಯ ಬಾಳು. ಗೋಡೆಗೆ ಕೀಟನಾಶಕ ಸಿಂಪಡಿಸಿದರೆ ಸೊಳ್ಳೆಯೊಡನೆ ರೇಷ್ಮೆಹುಳುವೂ ಸಾಯುವುದು. ಹುಳು ಸತ್ತರೆ ಅನ್ನಕ್ಕೇ ಸಂಚಕಾರ. ಜ್ವರ ಕಾಡುತ್ತಿದ್ದರೂ ಅವರು ಸಿಂಪಡಣೆಗೆ ಒಪ್ಪದಿದ್ದುದು ಆಶ್ಚರ್ಯವಲ್ಲ. ಕೊನೆಗೆ 1990ರ ದಶಕದಲ್ಲಿ ಸಂಶೋಧಕರು ಬೇರೊಂದು ದಾರಿ ಹಿಡಿದರು. ಬಾವಿ, ಕುಂಟೆಗಳಿಗೆ ಗಪ್ಪಿ ಮತ್ತು ಗಂಬೂಸಿಯ ಎಂಬ ಕಿರುಮೀನುಗಳನ್ನು ಬಿಟ್ಟರು. ನೀರಿನಲ್ಲಿ ತೇಲುವ ಸೊಳ್ಳೆಮರಿಗಳು ಮೀನುಗಳಿಗೆ ಆಹಾರವಾದವು. ಹುಳುವಿಗೆ ಕೇಡಾಗಲಿಲ್ಲ, ಹಳ್ಳಿಗಳಲ್ಲಿ ಮಲೇರಿಯಾ ಇಳಿಮುಖವಾಯಿತು.

ಪ್ರವಾಸಿಯು ಮೀನನ್ನು ಜೊತೆಗೆ ಒಯ್ಯಲಾರ, ಎಚ್ಚರವನ್ನು ಒಯ್ಯಬಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಇರುಳಿನಲ್ಲಿ ಕಚ್ಚುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹಗಲೇ ಬೇಟೆಯ ಹೊತ್ತು. ಆದುದರಿಂದ ಹಗಲಿನಲ್ಲಿ ತುಂಬುತೋಳಿನ ಉಡುಪು, ಇರುಳಿನಲ್ಲಿ ಪರದೆ, ತಂಗುವ ಮನೆಯ ಸುತ್ತ ನಿಂತ ನೀರಿನ ಮೇಲೊಂದು ಕಣ್ಣು—ಇಷ್ಟಿದ್ದರೆ ಅಪಾಯ ಬಹಳ ಮಟ್ಟಿಗೆ ತಗ್ಗುವುದು. ಇನ್ನೊಂದು ಮಾತು: ಸೊಳ್ಳೆ ಕಚ್ಚಿದ ಮರುದಿನವೇ ಮಲೇರಿಯಾ ತಲೆದೋರುವುದಿಲ್ಲ, ಒಂದೆರಡು ವಾರ, ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದು. ಊರಿಗೆ ಮರಳಿದ ಮೇಲೆ ನಡುಕದೊಡನೆ ಜ್ವರ ಬಂದರೆ, ಚಳಿಗಾಳಿಯನ್ನು ದೂರುತ್ತ ಕಷಾಯ ಕುಡಿದು ಕೂರದೆ ರಕ್ತಪರೀಕ್ಷೆ ಮಾಡಿಸಬೇಕು. ಎಲ್ಲೆಲ್ಲಿ ತಂಗಿದ್ದೆವೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.