ಆಟದ ಪೇಟೆಯ ತೇಜಿ-ಮಂದಿ

ಕಡಿದ ಕಬ್ಬು ಗಾಣ ಸೇರುವುದು ತಡವಾದಷ್ಟೂ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಸಾವಳಗಿ ಭಾಗದ ಬೆಳೆಗಾರರಿಗೂ ವರ್ತಕರಿಗೂ ಇದು ಹೊಸ ವಿಷಯವಲ್ಲ. ಇದೇ ಪಾಠವನ್ನು ಕೈಯಲ್ಲಿ ಹಿಡಿದು ಆಡುವ ಮುದ್ದಾದ ಆಟವೊಂದು ಕಲಿಸುತ್ತಿರುವುದು ಕುತೂಹಲಕರವಾಗಿದೆ.

ಜಪಾನಿನ ನಿಂಟೆಂಡೊ ಸಂಸ್ಥೆಯು ತನ್ನ ಸ್ವಿಚ್ ಯಂತ್ರಕ್ಕಾಗಿ 'ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ಆಟವನ್ನು 2020ರ ಮಾರ್ಚ್ 20ರಂದು ಮಾರುಕಟ್ಟೆಗೆ ತಂದಿತು. ಆ ತಿಂಗಳಾಂತ್ಯಕ್ಕೇ 1.17 ಕೋಟಿಗೂ ಅಧಿಕ ಪ್ರತಿಗಳು ಮಾರಾಟವಾದವು. ಆಟಗಾರನು ದ್ವೀಪವೊಂದರಲ್ಲಿ ಮನೆ ಕಟ್ಟಿ, ಮೀನು ಹಿಡಿದು, ಪ್ರಾಣಿಗಳ ನೆರೆಯಲ್ಲಿ ಬಾಳುತ್ತಾನೆ.

ಅಲ್ಲಿಯೂ ಒಂದು ಪೇಟೆಯುಂಟು. ಭಾನುವಾರ ಬೆಳಿಗ್ಗೆ ಮಾತ್ರ ಟರ್ನಿಪ್ ಗಡ್ಡೆಯನ್ನು ತಲಾ 90ರಿಂದ 110 ಬೆಲ್ ನಾಣ್ಯಗಳಿಗೆ ಕೊಳ್ಳಬಹುದು. ಸೋಮವಾರದಿಂದ ಶನಿವಾರದವರೆಗೆ ಅಂಗಡಿಯ ಖರೀದಿ ದರವು ದಿನಕ್ಕೆ ಎರಡು ಬಾರಿ ಬದಲಾಗುತ್ತದೆ. ಕೆಲವು ವಾರ ದರವು 500 ದಾಟುವುದುಂಟು. ಕೆಲವು ವಾರ ಇಳಿಯುತ್ತಲೇ ಹೋಗುತ್ತದೆ. ಗೆಳೆಯರ ದ್ವೀಪದಲ್ಲಿ ದರ ಹೆಚ್ಚಿದ್ದರೆ ಅಲ್ಲಿಗೆ ಒಯ್ದು ಮಾರಬಹುದು. ಮರು ಭಾನುವಾರದವರೆಗೆ ಉಳಿದ ಗಡ್ಡೆ ಕೊಳೆಯುತ್ತದೆ. ಬಂಡವಾಳವೂ ಅದರೊಡನೆ ಹೋಗುತ್ತದೆ. ಜಪಾನಿ ಭಾಷೆಯಲ್ಲಿ 'ಕಬು' ಎಂದರೆ ಟರ್ನಿಪ್. ಕಂಪನಿಯ ಷೇರಿಗೂ ಅದೇ ಉಚ್ಚಾರ.

ಒಂದು ಭೇದವನ್ನು ಮಾತ್ರ ಮರೆಯಲಾಗದು. ಆಟದಲ್ಲಿ ಮನೆ ಸಾಲಕ್ಕೆ ಬಡ್ಡಿಯೂ ಇಲ್ಲ, ಗಡುವೂ ಇಲ್ಲ. ನಮ್ಮಲ್ಲಿ ಗೋದಾಮಿನ ಬಾಡಿಗೆ, ಬ್ಯಾಂಕಿನ ಬಡ್ಡಿ ಎರಡೂ ದಿನ ಎಣಿಸುತ್ತವೆ. ತೇಜಿಯ ಆಸೆಯಿಂದ ಕಾಯುವ ಪ್ರತಿ ದಿನಕ್ಕೂ ವೆಚ್ಚವುಂಟು. ಆದ್ದರಿಂದ ಕೆಡುವ ಸರಕನ್ನು ಕೊಳ್ಳುವ ದಿನವೇ, ಯಾವ ದರಕ್ಕೆ ಇಳಿದರೆ ಕೈಬಿಡಬೇಕೆಂಬುದನ್ನೂ ನಿಶ್ಚಯಿಸಿ ಬರೆದಿಡುವುದು ವಿವೇಕ.