ಹಲ್ಲು ಬಾರದ ಕೂಸು: ತಪ್ಪು ಯಾರದು?



ಮುಂಡರಗಿ ಕಡೆಯ ಒಂದು ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ತಂಗಿ ಮೆಲ್ಲಗೆ ಕೇಳಿದಳು: "ಸಿಸ್ಟರ್, ಮಗಗ ಎರಡು ವರ್ಷ ತುಂಬಿತು, ಒಂದೂ ಹಲ್ಲು ಬಂದಿಲ್ಲ. ಬಸುರಿದ್ದಾಗ ಗ್ರಹಣ ನೋಡೀದಿ ಅಂತ ಅತ್ತಿ ಬೈತಾರ."

ಗ್ರಹಣಕ್ಕೂ ಹಲ್ಲಿಗೂ ಸಂಬಂಧವಿಲ್ಲ. ಕೂಸು ಹೊಟ್ಟೆಯಲ್ಲಿ ಎರಡು ತಿಂಗಳಿದ್ದಾಗಲೇ ಹಾಲುಹಲ್ಲಿನ ಮೊಳಕೆ ಮೂಡತೊಡಗುತ್ತದೆ. ಅದು ಎಲ್ಲಿ, ಎಷ್ಟು ಮೂಡಬೇಕೆಂದು ನಡೆಸುವುದು ತಂದೆ-ತಾಯಿಯಿಂದ ಬಂದ ಜೀನ್‌ಗಳು. ಅಲ್ಲಿ ದೋಷವಿದ್ದರೆ ಬೀಜ ಬೀಳದ ಸಾಲಿನಂತೆ ಆ ಜಾಗ ಖಾಲಿ ಉಳಿಯುತ್ತದೆ.

ಬುದ್ಧಿಹಲ್ಲು ಬಾರದವರು ನಮ್ಮಲ್ಲೇ ಎಷ್ಟೋ ಮಂದಿ, ಅದಕ್ಕೆ ಚಿಂತೆ ಬೇಡ. ಆದರೆ ಹಲ್ಲು ತೀರ ಕಡಿಮೆ, ಇದ್ದವೂ ಮೊಳೆಯಂತೆ ಚೂಪು, ಕೂದಲು ವಿರಳ, ಮೈ ಬೆವರುವುದೇ ಇಲ್ಲ ಎಂದರೆ ಅದು ಬೇರೆಯೇ ತೊಂದರೆ. ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದಲ್ಲಿ ನಾಲ್ಕು ತಲೆಮಾರಿನ 10 ಗಂಡಸರಿಗೆ ತಲಾ 12 ಹಲ್ಲು ಮಾತ್ರ ಇದ್ದವೆಂದು ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1875ರಲ್ಲೇ ಬರೆದಿದ್ದಾರೆ. ಆ ಮನೆಯ ಹೆಣ್ಣುಮಕ್ಕಳಿಗೆ ಏನೂ ಇರಲಿಲ್ಲ, ಅವರು ಹೆತ್ತ ಗಂಡುಮಕ್ಕಳಿಗೆ ಬರುತ್ತಿತ್ತು.

ಕಾರಣವಾದ ಜೀನ್ ಸಿಕ್ಕದ್ದು 1996ರಲ್ಲಿ. ಅದು ಎಕ್ಸ್ ಎಂಬ ವರ್ಣತಂತುವಿನ ಮೇಲಿದೆ. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದೇ. ಹೆಣ್ಣಿನಲ್ಲಿ ಒಂದು ಕೆಟ್ಟರೂ ಇನ್ನೊಂದು ಸಂಭಾಳಿಸುತ್ತದೆ. ಕೆಲವೊಮ್ಮೆ ಕೆಲವು ಹಲ್ಲು ಇರುವುದಿಲ್ಲ ಅಥವಾ ಸಣ್ಣದಿರುತ್ತವೆ. ಅಂಥ ತಾಯಿಯ ಪ್ರತಿಯೊಬ್ಬ ಮಗನಿಗೂ ಅರ್ಧಕ್ಕರ್ಧ ಸಂಭವ. ತೊಂದರೆಯಿರುವ ತಂದೆಯಿಂದ ಗಂಡುಮಕ್ಕಳಿಗೆ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರಿಗೂ ಆ ಜೀನ್ ದಾಟುತ್ತದೆ.

"ಹಂಗಾದ್ರ ತಾಯೀದ ತಪ್ಪು ಆತಲ್ಲ?" ಎಂದು ಒಬ್ಬ ಹಿರಿಯಾಕೆ ಕೇಳಿಯೇಬಿಟ್ಟರು. ತಾಯಿಗೂ ಅದು ಅವಳ ಹೆತ್ತವರಿಂದ ಬಂದದ್ದು, ಕೆಲವೊಮ್ಮೆ ಹೊಸದಾಗಿಯೂ ಹುಟ್ಟುತ್ತದೆ. ಬೇಡಿ ಪಡೆದದ್ದಲ್ಲ. ಇದೇ ಲಕ್ಷಣದ ಇನ್ನೊಂದು ಬಗೆಯಲ್ಲಿ ಗಂಡ-ಹೆಂಡತಿ ಇಬ್ಬರಲ್ಲೂ ದೋಷ ಅಡಗಿರಬೇಕು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟ ಕಡೆ ಅದರ ಸಂಭವ ಹೆಚ್ಚು. ಆಗ ಯಾರನ್ನು ಬೈಯೋಣ?

ಬೈಗುಳದ ನಡುವೆ ಮುಖ್ಯ ಮಾತು ಮರೆತೇಹೋಗುತ್ತದೆ. ಬೆವರದ ಕೂಸಿಗೆ ನಮ್ಮ ಬ್ಯಾಸಿಗಿ ಜೀವಕ್ಕೇ ಅಪಾಯ. ನೆರಳಲ್ಲಿಡಿ, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿರಿ, ಕಂಬಳಿ ಹೊದಿಸಬೇಡಿ. ಮೈ ಕಾದು ಕೂಸು ಮಂಕಾದರೆ ಕೂಡಲೇ ದವಾಖಾನೆಗೆ ಒಯ್ಯಿರಿ. ಸುಮಾರು ಮೂರು ವರ್ಷದಿಂದ ಕಟ್ಟಿಸಿದ ಹಲ್ಲು ಹಾಕಬಹುದು. ದವಡೆ ಬೆಳೆದಂತೆ ಬದಲಿಸಬೇಕು. ಗದಗ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಆಮೇಲೆ ಧಾರವಾಡದ ಎಸ್‌ಡಿಎಂ ದಂತ ಕಾಲೇಜಿಗೆ ಹೋಗಬಹುದು.

ಆ ತಂಗಿಗೆ ಅಂದೇ ನೆನಪಾಯಿತು: "ನನ್ನ ತಮ್ಮನೂ ಬ್ಯಾಸಿಗ್ಯಾಗ ಹೊಳ್ಯಾಗ ಕುಂತೇ ಇರ್ತಿದ್ದ ಸಿಸ್ಟರ್, ಅವಗೂ ಹಲ್ಲು ನಾಲ್ಕೈದಷ್ಟ." ಡಾಕ್ಟರು ಮೊದಲು ಕೇಳುವುದೇ ಇದನ್ನು. ಹೋಗುವಾಗ ತವರುಮನೆ, ಗಂಡನ ಮನೆ ಎರಡೂ ಕಡೆ ಯಾರಿಗೆ ಹೀಗಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.