ಮಗಳ ಗಣಿತ ಪುಸ್ತಕ ಮುಚ್ಚಿಸುವ ಮುನ್ನ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಬಂಕಾಪುರದಂತಹ ಊರುಗಳ ಅನೇಕ ಮನೆಗಳಲ್ಲಿ ಒಂದೇ ಚರ್ಚೆ. ಮಗಳಿಗೆ ಒಳ್ಳೆಯ ಅಂಕ ಬಂದಿದೆ, ಪಿಯುಸಿಯಲ್ಲಿ ಯಾವ ವಿಷಯ ಕೊಡಿಸುವುದು? "ಗಣಿತ ಕಷ್ಟ, ಟ್ಯೂಶನ್ ಬೇಕಾಗುತ್ತದೆ, ಹೆಣ್ಣುಮಕ್ಕಳಿಗೆ ಅದೇಕೆ?" ಎಂದು ಮನೆಯ ಹಿರಿಯರು ಹೇಳುತ್ತಾರೆ. ಐದು ನಿಮಿಷದಲ್ಲಿ ತೀರ್ಮಾನ ಆಗಿಬಿಡುತ್ತದೆ. ಆದರೆ ಸಿಇಟಿ ಮೂಲಕ ಇಂಜಿನಿಯರಿಂಗ್ ಸೇರಲು ಪಿಯುಸಿಯಲ್ಲಿ ಗಣಿತ ಓದಿರಲೇಬೇಕು. ಹದಿನಾರರ ಹುಡುಗಿಗೆ ಅಂದು ಮುಚ್ಚಿದ ಬಾಗಿಲು ಮತ್ತೆ ತೆರೆಯುವುದು ಸುಲಭವಲ್ಲ.

ಆ ಬಾಗಿಲಿನಾಚೆ ಏನಿದೆ ಎಂದು ತಾಯಂದಿರಿಗೆ ಗೊತ್ತಿದ್ದರೆ ಚರ್ಚೆ ಬೇರೆಯೇ ಆದೀತು. ಅಲ್ಲಿರುವ ಒಂದು ವಿಷಯದ ಹೆಸರು ಲೀನಿಯರ್ ಆಲ್ಜೀಬ್ರಾ, ಕನ್ನಡದಲ್ಲಿ ರೇಖೀಯ ಬೀಜಗಣಿತ. ಹೆಸರು ಕೇಳಿ ಹೆದರಬೇಕಿಲ್ಲ.

ಒಂದು ಹಳೆಯ ಲೆಕ್ಕ

ಬಂಕಾಪುರಕ್ಕೆ ಆ ಹೆಸರು ಬಂದದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೇಯನಿಂದ. ಅದೇ ದೊರೆಯ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರ ಸಂಗ್ರಹ' ಎಂಬ ಗ್ರಂಥ ಬರೆದರು. ಅದರಲ್ಲಿ ಹಣ್ಣಿನ ಲೆಕ್ಕವೊಂದಿದೆ. 9 ಮಾದಳದ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಳ, 9 ಬೇಲ ಸೇರಿದರೆ 101. ಒಂದೊಂದರ ಬೆಲೆ ಎಷ್ಟು?

ಎರಡನ್ನೂ ಕೂಡಿಸಿ. 16 ಮಾದಳ, 16 ಬೇಲಕ್ಕೆ 208. ಅಂದರೆ ಒಂದೊಂದು ಸೇರಿ 13. ಈಗ ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಎರಡು ಮಾದಳಕ್ಕೆ ಎರಡು ಬೇಲಕ್ಕಿಂತ 6 ಹೆಚ್ಚು, ಒಂದಕ್ಕೆ 3 ಹೆಚ್ಚು. ಹಾಗಾದರೆ ಮಾದಳ 8, ಬೇಲ 5. ಲೀನಿಯರ್ ಆಲ್ಜೀಬ್ರಾದ ಬೀಜ ಇಷ್ಟೇ.

ಅದೇ ಶತಮಾನದ ಆರಂಭದ ದಶಕಗಳಲ್ಲಿ ಬಗ್ದಾದಿನಲ್ಲಿ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ ಗಣಿತ ಬರೆಯುತ್ತಿದ್ದರು. ಅವರ ಗ್ರಂಥದ ಹೆಸರಿನಲ್ಲಿರುವ 'ಅಲ್ ಜಬ್ರ್' ಎಂಬ ಪದದಿಂದ ಆಲ್ಜೀಬ್ರಾ ಬಂತು. ಅವರ ಹೆಸರಿನಿಂದಲೇ ಕಂಪ್ಯೂಟರ್ ಲೋಕದ 'ಆಲ್ಗರಿದಮ್' ಬಂತು. ಈ ಎರಡು ನಾಡುಗಳು ಪರಸ್ಪರ ಅಪರಿಚಿತವೂ ಆಗಿರಲಿಲ್ಲ. 851ರ ಅರಬ್ ವರ್ತಕ ಸುಲೈಮಾನ್‌ನ ವೃತ್ತಾಂತ ರಾಷ್ಟ್ರಕೂಟ ದೊರೆಯನ್ನು 'ಬಲ್ಹಾರಾ' ಎಂದು ಕರೆದು, ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ.

ಹಣ್ಣುಗಳು ಎರಡರ ಬದಲು ಎರಡು ಸಾವಿರ ಆದರೆ? ಸಂಖ್ಯೆಗಳನ್ನು ಸಾಲು ಸಾಲಾಗಿ ಚೌಕದಲ್ಲಿ ಬರೆದಿಟ್ಟುಕೊಳ್ಳಬೇಕು. ಅದೇ ಮ್ಯಾಟ್ರಿಕ್ಸ್. 1850ರಲ್ಲಿ ಸಿಲ್ವೆಸ್ಟರ್ ಎಂಬ ಗಣಿತಜ್ಞ ಈ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಅದರರ್ಥ ಗರ್ಭ. ನಮ್ಮ ಪಿಯುಸಿ ಪುಸ್ತಕದ 'ಮಾತೃಕೆ' ಎಂಬ ಪದದಲ್ಲೂ ತಾಯಿ ಇದ್ದಾಳೆ.

ಕಂಪ್ಯೂಟರ್ ಇದ್ದ ಮೇಲೆ ಕಲಿಯುವುದೇಕೆ?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಗಣಿತಕ್ಕೇ ಕಂಪ್ಯೂಟರ್ ಪ್ರಯೋಗಗಳನ್ನು ಜೋಡಿಸಿತು. ಸಮೀಕರಣಗಳನ್ನು ಕಾಗದದ ಮೇಲೆ ಬಿಡಿಸಿದ ಹುಡುಗಿ ಅವನ್ನೇ ಪೈಥಾನ್‌ನಂತಹ ಭಾಷೆಯಲ್ಲಿ ಬರೆದು ನೋಡಬೇಕು. ಬಂಕಾಪುರಕ್ಕೆ ಹತ್ತಿರದ ಹಾವೇರಿಯಲ್ಲಿ, ದೇವಗಿರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೇ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಕಂಪ್ಯೂಟರೇ ಲೆಕ್ಕ ಮಾಡುವುದಾದರೆ ಮಗಳು ಕಲಿಯುವುದೇನು? ಕಿರಾಣಿ ಚೀಟಿಯ ಉದಾಹರಣೆ ನೋಡಿ. 10 ಕಿಲೋ ಅಕ್ಕಿ, 10 ಕಿಲೋ ಸಕ್ಕರೆಗೆ 1000 ರೂಪಾಯಿ. ಮುಂದಿನ ಚೀಟಿಯಲ್ಲಿ 20 ಕಿಲೋ ಅಕ್ಕಿ, 20 ಕಿಲೋ ಸಕ್ಕರೆಗೆ 2000. ಚೀಟಿ ಎರಡಾದರೂ ಸುದ್ದಿ ಒಂದೇ, ಬಿಡಿ ಬೆಲೆ ಸಿಗದು. ನಿಜವಾಗಿ ಹೊಸ ಸುದ್ದಿ ಹೇಳುವ ಚೀಟಿಗಳೆಷ್ಟು ಎಂಬುದಕ್ಕೆ ಗಣಿತದಲ್ಲಿ 'ರ್‍ಯಾಂಕ್' ಎನ್ನುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಎರಡನೆಯ ಚೀಟಿ 10 ಕಿಲೋ ಅಕ್ಕಿ, 9 ಕಿಲೋ ಸಕ್ಕರೆಗೆ 955 ಎಂದಿರಲಿ. ಆಗ ಸಕ್ಕರೆ 45, ಅಕ್ಕಿ 55. ಆದರೆ ಬರೆಯುವಾಗ 955ರ ಬದಲು 950 ಎಂದಾದರೆ? ಸಕ್ಕರೆ 50, ಅಕ್ಕಿ 50. ಸಾವಿರದ ಹತ್ತಿರದ ಚೀಟಿಯಲ್ಲಿ ಐದೇ ರೂಪಾಯಿ ತಪ್ಪು, ಆದರೆ ಕಿಲೋ ಬೆಲೆಯಲ್ಲೇ ಐದು ರೂಪಾಯಿ ವ್ಯತ್ಯಾಸ. ಕೊಟ್ಟ ಸಂಖ್ಯೆ ಸರಿಯೇ ಎಂದು ಕಂಪ್ಯೂಟರ್ ಕೇಳುವುದಿಲ್ಲ, ಉತ್ತರ ಕೊಟ್ಟುಬಿಡುತ್ತದೆ. ಆ ಉತ್ತರವನ್ನು ನಂಬಬಹುದೇ ಎಂದು ತೂಗಿ ನೋಡುವ ಬುದ್ಧಿ ಓದಿದವಳಲ್ಲಿರಬೇಕು. ಅವಳು ಕಲಿಯುವುದು ಇದನ್ನೇ.

ಕೋಟೆಯ ನವಿಲೂ ಸಂಖ್ಯೆಯೇ

ಪ್ರಾಜೆಕ್ಟಿಗೆ ದೂರ ಹೋಗಬೇಕಿಲ್ಲ. ಬಂಕಾಪುರದ ಕೋಟೆಯಲ್ಲಿ ನವಿಲುಧಾಮವಿದೆ. ಅಲ್ಲಿಯ ನವಿಲಿನ ಕಪ್ಪುಬಿಳುಪು ಫೋಟೊ ಕಂಪ್ಯೂಟರಿಗೆ ಒಂದು ದೊಡ್ಡ ಮ್ಯಾಟ್ರಿಕ್ಸ್. ಪ್ರತಿ ಚುಕ್ಕೆಗೂ 0ಯಿಂದ 255ರವರೆಗಿನ ಒಂದು ಸಂಖ್ಯೆ, 0 ಎಂದರೆ ಕಪ್ಪು, 255 ಎಂದರೆ ಬಿಳುಪು. 400 ಸಾಲು, 400 ಕಂಬಸಾಲಿನ ಫೋಟೊದಲ್ಲಿ 1,60,000 ಸಂಖ್ಯೆಗಳು. ಲೀನಿಯರ್ ಆಲ್ಜೀಬ್ರಾದ ಒಂದು ವಿಧಾನ ಈ ಚಿತ್ರವನ್ನು ಪದರ ಪದರವಾಗಿ ಬಿಡಿಸುತ್ತದೆ, ಮುಖ್ಯವಾದವು ಮೊದಲು. ಒಂದು ಪದರಕ್ಕೆ 801 ಸಂಖ್ಯೆ ಸಾಕು. ಮೊದಲ 40 ಪದರ ಇಟ್ಟುಕೊಂಡರೆ 32,040. ಐದನೇ ಒಂದು ಭಾಗದಷ್ಟು ಜಾಗದಲ್ಲಿ ನವಿಲಿನ ಗುರುತು ಸಿಗುತ್ತದೆ. ಪದರ ಹತ್ತಕ್ಕೆ ಇಳಿಸಿದರೆ ಏನು ಮಸುಕಾಗುತ್ತದೆ, ಗರಿಯೋ ಕೊರಳೋ, ಎಂಬುದನ್ನು ಹುಡುಗಿ ತನ್ನ ಕಣ್ಣಿನಿಂದಲೇ ನೋಡಿ ಬರೆಯಬೇಕು. ಗೆಳತಿಯ ರೆಕಾರ್ಡ್ ನಕಲು ಮಾಡಿದರೆ ಅಂಕ ಬಂದೀತು, ಈ ನೋಟ ಬಾರದು.

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಪೈಥಾನ್, ಸೈಲ್ಯಾಬ್, ಆಕ್ಟೇವ್ ಮೂರೂ ಉಚಿತ. ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಪಾಠಗಳ ವಿಡಿಯೊಗಳನ್ನು ಮನೆಯಲ್ಲೇ ಕುಳಿತು ಉಚಿತವಾಗಿ ನೋಡಬಹುದು. ತಾಯಿ ಕೊಡಬೇಕಾದದ್ದು ದಿನಕ್ಕೆ ಒಂದು ಗಂಟೆಯ ಬಿಡುವು. ಆ ಹೊತ್ತಿನಲ್ಲಿ ಪಾತ್ರೆ ತೊಳೆಯಲು ಕರೆಯದಿರುವುದು, ಫೋನ್ ಅಣ್ಣನ ಕೈಗೆ ಹೋಗದಂತೆ ನೋಡಿಕೊಳ್ಳುವುದು.

ಗಣಿತ ಹೆಣ್ಣುಮಕ್ಕಳಿಗಲ್ಲ ಎನ್ನುವವರಿಗೆ ಎರಡು ಹೆಸರು ಹೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ವಿಮಾನದ ರೆಕ್ಕೆಗಳು ಅದುರುವ ಸಮಸ್ಯೆಯನ್ನು ಮ್ಯಾಟ್ರಿಕ್ಸ್‌ಗಳ ಮೂಲಕ ಪರಿಶೀಲಿಸಿದವರಲ್ಲಿ ಓಲ್ಗಾ ಟೌಸ್ಕಿ ಎಂಬ ಮಹಿಳೆ ಇದ್ದರು. ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕವನ್ನು 2014ರಲ್ಲಿ ಪಡೆದ ಮೊಟ್ಟಮೊದಲ ಮಹಿಳೆ ಇರಾನಿನ ಮರಿಯಮ್ ಮಿರ್ಝಾಖಾನಿ. 2017ರಲ್ಲಿ, ನಲ್ವತ್ತರ ಹರೆಯದಲ್ಲೇ ಅವರು ತೀರಿಕೊಂಡರು.

ಎಲ್ಲ ಹೆಣ್ಣುಮಕ್ಕಳೂ ಗಣಿತವನ್ನೇ ಓದಬೇಕೆಂದಿಲ್ಲ. ಆಸಕ್ತಿ ಇಲ್ಲದವಳಿಗೆ ಬೇರೆ ದಾರಿಗಳಿವೆ. ಆದರೆ ಬೇಡವೆನ್ನುವ ಮಾತು ಅವಳಿಂದ ಬರಲಿ, ನಮ್ಮ ಭಯದಿಂದಲ್ಲ. ಫಾರ್ಮ್ ತುಂಬುವ ಮುನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಹಣ್ಣಿನ ಲೆಕ್ಕ ಹೇಳಿ ನೋಡಿ. ಅವಳು ಪೆನ್ನು ಹುಡುಕಲು ಎದ್ದರೆ, ನಿಮ್ಮ ತೀರ್ಮಾನ ಸುಲಭವಾದೀತು.